ಕೆಂಪು ಹೊತ್ತಿನಲ್ಲಿ ಆಡಿದ ಮಾತು

ನೀರಹಾಳ,
ಎರಡನೆಯ ಶ್ರಾವಣದ ಮೂವತ್ತಾರನೆಯ ದಿನ,
ನಿಮ್ಮ ಎಣಿಕೆಯಲ್ಲಿ ೨೧೮೭ನೆಯ ಇಸವಿ

ಹುಬ್ಬಳ್ಳಿಯ ಕಾಶವ್ವನವರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ನಿಮ್ಮ ಕಾಲದಲ್ಲಿ ಯಾವ ತಿಂಗಳೂ ಮೂವತ್ತೊಂದನ್ನು ದಾಟುತ್ತಿರಲಿಲ್ಲ. ಈಗ ಮಳೆ ವರ್ಷಕ್ಕೆ ಎರಡು ಸಲ ಬರುತ್ತದೆ, ಅದು ನಿಲ್ಲುವ ತನಕ ತಿಂಗಳು ಮುಗಿಯಿತೆಂದು ಯಾರೂ ಸಾರುವುದಿಲ್ಲ. ನನ್ನ ಭಾಷೆ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾವು ಬರೆಯುವುದನ್ನು ಬಹುಮಟ್ಟಿಗೆ ಬಿಟ್ಟಿದ್ದೇವೆ. ಬಾಯಿಂದ ಹೇಳಿದರೆ ಮನೆಯೇ ಕೇಳಿ ನೆನಪಿಟ್ಟುಕೊಳ್ಳುತ್ತದೆ. ನನಗೆ ಕೈಬರಹ ಉಳಿದಿರುವುದು ಕೆಲಸದ ದೆಸೆಯಿಂದ: ಒಡ್ಡಿನ ಕಲ್ಲುಗಳ ಮೇಲೆ ನೀರಿನ ಮಟ್ಟವನ್ನು ಸುಣ್ಣದಲ್ಲಿ ಬರೆಯುವವಳು ನಾನು. ಉದ್ದನೆಯ ವಾಕ್ಯಗಳನ್ನು ಬರೆದು ಅಭ್ಯಾಸವಿಲ್ಲ. ಬರೆದದ್ದನ್ನು ತುಟಿ ಅಲುಗಿಸಿ ಓದಿ ನೋಡುವಂತೆಯೂ ಇಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ನಾನು ನಿಮಗೆ ಏನಾಗಬೇಕೆಂದು ಹೇಳುವ ಒಂದೇ ಪದ ಕನ್ನಡದಲ್ಲಿ ಸಿಗಲಿಲ್ಲ. ನಿಮ್ಮ ಮೊಮ್ಮಗಳು ಇಂಚರ ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಮೂರು ವರ್ಷ ತುಂಬಿದ ಮಗು. ಅವಳ ಮಕ್ಕಳ ಮಕ್ಕಳ ಸಾಲಿನಲ್ಲಿ ನಾನು ಹುಟ್ಟಿದೆ. ನನ್ನ ಹೆಸರು ಕೇದಗೆ, ನನ್ನ ಮಗಳ ಹೆಸರು ತುಂಬೆ. ಈಗ ಎಲ್ಲಿಯೂ ಕಾಣಸಿಗದ ಗಿಡಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮ ಊರಿನ ರೂಢಿ. ಹೆಸರಾದರೂ ಯಾರಾದರೊಬ್ಬರ ಬಾಯಲ್ಲಿ ದಿನಾ ಇರಲಿ ಎಂದು. ತುಂಬೆಗೆ ಹದಿನಾರು. ಈ ಪತ್ರ ಅವಳ ಸಲುವಾಗಿ.

ಮೊದಲು ಮನೆದನಿ ಎಂದರೇನೆಂದು ಹೇಳುತ್ತೇನೆ, ಏಕೆಂದರೆ ನಿಮ್ಮ ಮಗ ಮಾಂತೇಶ ಇನ್ನೇನು ಮನೆಗೆ ತರಲಿರುವ ದುಂಡನೆಯ ಡಬ್ಬಿಯೇ ಅದರ ಮೂಲ. ನಮ್ಮಲ್ಲಿ ಡಬ್ಬಿಯಿಲ್ಲ. ಗೋಡೆಯಲ್ಲಿ ನೀವು ದೀಪ ಇಡುತ್ತಿದ್ದಂಥ ಗೂಡು, ಅದರೊಳಗೆ ಹೆಬ್ಬೆರಳಿನಷ್ಟು ಬಿಳಿಯ ಕಲ್ಲು, ಅಷ್ಟೇ. ಮಗಳು ಮದುವೆಯಾಗಿ ಹೋದರೂ ಮಗ ಬೇರೆ ಮನೆ ಹೂಡಿದರೂ ಆ ಕಲ್ಲಿನ ಒಂದು ಚೂರು ಅವರ ಜೊತೆ ಹೋಗುತ್ತದೆ, ನೀವು ಹೆಪ್ಪಿಗೆಂದು ಪಕ್ಕದ ಮನೆಗೆ ಒಂದು ಚಮಚ ಮಜ್ಜಿಗೆ ಕೊಡುವ ಹಾಗೆ. ಹೊಸ ಗೋಡೆಯಲ್ಲಿ ಅದು ಹಳೆಯದೆಲ್ಲವನ್ನೂ ನೆನಪಿಟ್ಟುಕೊಂಡು ಬೆಳೆಯುತ್ತದೆ. ನೀರು ಬಿಡುವ ಹೊತ್ತನ್ನು ಹೇಳುತ್ತದೆ, ಒಲೆ ಆರಿಸುತ್ತದೆ, ಮಕ್ಕಳಿಗೆ ಮಗ್ಗಿ ಕಲಿಸುತ್ತದೆ, ಹೆರಿಗೆಯ ನೋವು ಬಂದರೆ ಸೂಲಗಿತ್ತಿಯನ್ನು ಕೂಗುತ್ತದೆ. ಶಾಲೆ, ಮದುವೆ, ಕೆಲಸ ಯಾವುದೇ ಇರಲಿ, ಒಂದು ಮನೆತನದ ಬಗ್ಗೆ ಮಾತಾಡುವ ಹಕ್ಕು ಅದಕ್ಕಿದೆ. ಅದು ನುಡಿದರೆ ಮನೆಯವರು ನುಡಿದ ಲೆಕ್ಕ.

ನಮ್ಮ ಮನೆಯ ದನಿ ಮಾತಾಡುವುದು ನಿಮ್ಮ ಹಾಗೆ. ಅದು ಮೊದಲು ಕಲಿತದ್ದು ನಿಮ್ಮ ಮಾತನ್ನು. ನಂತರ ಬಂದವರ ಮಾತು ಅದರ ಮೇಲೆ ಕೂತಿತು, ಅಡಿಪಾಯ ನಿಮ್ಮದೇ ಉಳಿಯಿತು. ಬೆಳಿಗ್ಗೆ ನನ್ನನ್ನು ಎಬ್ಬಿಸುವುದು 'ಏಳವಾ ಯವ್ವಾ, ನೀರ ಬಂದಾವು' ಎಂಬ ಕೂಗು. ಸಾರಿಗೆ ಉಪ್ಪು ಹೆಚ್ಚಾದರೆ 'ಸಮುದ್ರಾನ ತಂದ ಸುರದೀಯೇನವಾ' ಎನ್ನುತ್ತದೆ. ನಮ್ಮ ಓಣಿಯಲ್ಲಿ ಬೇರೆ ಯಾರೂ ಈಗ ಹಾಗೆ ಮಾತಾಡುವುದಿಲ್ಲ. ಜ್ವರ ಬಂದಾಗಲೆಲ್ಲ ನನ್ನ ಹಾಸಿಗೆಯ ಪಕ್ಕ ರಾತ್ರಿಯಿಡೀ ಎಚ್ಚರವಿದ್ದದ್ದು ಆ ದನಿ. ಹೆತ್ತ ತಾಯಿಯ ದನಿಗಿಂತ ಮುಂಚೆ ಅದನ್ನು ಗುರುತಿಸಿದೆ ಎಂದು ನನ್ನ ತಾಯಿ ಸ್ವಲ್ಪ ಬೇಸರದಿಂದಲೇ ಹೇಳುತ್ತಿದ್ದಳು. ಆದ್ದರಿಂದ, ಕಾಶವ್ವನವರೇ, ನಾನು ನಿಮ್ಮನ್ನು ಬಲ್ಲೆ ಎಂದುಕೊಂಡಿದ್ದೆ.

ನೀರಹಾಳ ನಿಮ್ಮ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿರುವ ಊರು. ಎರಡು ಮಳೆಗಳ ಹೂಳು ಬಂದು ಒಡ್ಡಿನ ತೂಬುಗಳ ಬಾಯಿ ಕಟ್ಟುತ್ತದೆ. ತೂಬು ಕಟ್ಟಿದರೆ ಕೆಳಗಿನ ಹೊಲಗಳಿಗೆ ನೀರಿಲ್ಲ, ಮೇಲೆ ನಮಗೆ ಮುಳುಗಡೆ. ಯಂತ್ರ ಇಳಿಸಿದರೆ ಕೆಸರು ನುಂಗುತ್ತದೆ. ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡವರು ಆ ಇಕ್ಕಟ್ಟಿನಲ್ಲಿ ತೂರಲಾರರು. ಹಾಗಾಗಿ ಉಸಿರು ಬಿಗಿಹಿಡಿದು ಇಳಿಯುವ ಜನ ಬೇಕು. ಅವರಿಗೆ ನಾವು ಮುಳುಗರು ಎನ್ನುತ್ತೇವೆ. ಅವರು ಬೀದಿಯಲ್ಲಿ ಎದುರಾದರೆ ವಯಸ್ಸಾದವರೂ ದಾರಿ ಬಿಡುತ್ತಾರೆ. ತುಂಬೆ ನಡೆಯಲು ಕಲಿತಾಗಿನಿಂದ ಬಯಸಿದ್ದು ಇದೊಂದನ್ನೇ. ಅಡುಗೆ ಮನೆಯ ಹಂಡೆಯಲ್ಲಿ ತಲೆ ಮುಳುಗಿಸಿ ಕೂರುತ್ತಿದ್ದಳು, ನಾನು ಜುಟ್ಟು ಹಿಡಿದು ಎತ್ತುತ್ತಿದ್ದೆ. 'ಇನ್ನೂ ಉಸುರಿತ್ತವ್ವಾ, ಯಾಕ ಎತ್ತಿದಿ' ಎಂದು ಸಿಟ್ಟಾಗುತ್ತಿದ್ದಳು. ಅವಳೂ ನಿಮ್ಮ ಮಾತನ್ನು ಗೂಡಿನಿಂದಲೇ ಕಲಿತವಳು. ಈ ವರ್ಷದ ಪರೀಕ್ಷೆಯಲ್ಲಿ ಅವಳು ತೂಬಿನ ಬಾಯಿಯವರೆಗೆ ಇಳಿದು ಹಿಡಿ ಹೂಳು ತಂದು ತೋರಿಸಿದಾಗ ಅವಳ ಜೊತೆ ಇಳಿದವರೆಲ್ಲ ಆಗಲೇ ಮೇಲೆ ಬಂದು ಮೈ ಒರೆಸಿಕೊಳ್ಳುತ್ತಿದ್ದರು.

ಆದರೂ ಅವಳನ್ನು ತೆಗೆದುಕೊಳ್ಳಲಿಲ್ಲ. ಕೆಲವು ವರ್ಷಗಳ ಹಿಂದೆ ಗಟ್ಟಿಮುಟ್ಟಾಗಿದ್ದ ಮುಳುಗನೊಬ್ಬ ಕೆಳಗೇ ಎದೆ ಹಿಡಿದುಕೊಂಡು ಸತ್ತ. ಅವನ ಮನೆತನದಲ್ಲಿ ಆ ರೋಗ ಇತ್ತೆಂದು ಆಮೇಲೆ ತಿಳಿಯಿತು. ಅಂದಿನಿಂದ ಮೈ ಪರೀಕ್ಷೆ ಒಂದೇ ಸಾಲದು, ಸಾಕ್ಷಿಕಟ್ಟೆಯಲ್ಲಿ ಮನೆದನಿಯನ್ನೂ ಕೇಳಬೇಕು ಎಂಬ ನಿಯಮವಾಯಿತು. ಸಾಕ್ಷಿಕಟ್ಟೆ ಎಂದರೆ ಮನೆದನಿಗಳು ಬಂದು ನುಡಿಯುವ ಜಾಗ. ಹಿರಿಯರೊಬ್ಬರು ಕೂತು ಕೇಳಿ ತೀರ್ಮಾನ ಹೇಳುತ್ತಾರೆ. ನಾನು ನಮ್ಮ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ದಾರಿಯಲ್ಲಿ ಅದು ತುಂಬೆಗೆ 'ಹೆದರಬ್ಯಾಡವಾ, ನಾ ಅದೀನಿ' ಎಂದಿತು. ತುಂಬೆ ನಕ್ಕಳು.

ಕಟ್ಟೆಯ ಹಿರಿಯರು, ಈ ಮನೆತನದ ಎದೆ ಹೇಗೆ ಎಂದು ಕೇಳಿದರು. ಕಲ್ಲು ತಡವರಿಸಲಿಲ್ಲ.

'ನಮ್ಮ ಮನಿತನಾನ ಹಂಗ್ರಿ. ಎಲ್ಲಾರಿಗೂ ದಮ್ಮು. ಯಾರೂ ಗಟ್ಟಿ ಇಲ್ಲ.'

ನಿಮ್ಮ ದನಿಯಲ್ಲಿ. ನನ್ನನ್ನು ದಿನಾ ಎಬ್ಬಿಸುವ ಅದೇ ದನಿಯಲ್ಲಿ. ಆಧಾರವೇನು ಎಂದಾಗ ಅದು ಕೆಮ್ಮುಗಳನ್ನು ಕೇಳಿಸಿತು: ಇಂಚರಳ ಕೆಮ್ಮು, ಅವಳ ಮಗಳ ಕೆಮ್ಮು, ನನ್ನ ಅಜ್ಜಿಯದು, ತಾಯಿಯದು, ನನ್ನದು, ತುಂಬೆಯದು. ಒಂದೂವರೆ ಶತಮಾನದ ಕೆಮ್ಮು ಒಂದರ ಹಿಂದೆ ಒಂದು ಕಟ್ಟೆಯ ಹಜಾರದಲ್ಲಿ ಕೇಳಿಸಿತು. ಮನೆತನದ ಮೊದಲ ತಾಯಿಯ, ಅಂದರೆ ನಿಮ್ಮ, ಹೇಳಿಕೆಯೂ ಇದೆ, ಸಂತತಿಯ ಕೆಮ್ಮೂ ಇದೆ ಎಂದು ಹಿರಿಯರು ಕನಿಕರದಿಂದಲೇ ತೀರ್ಪು ಕೊಟ್ಟರು. ತುಂಬೆಗೆ ಒಡ್ಡಿನ ಮೇಲೆ ಕಸ ಬಳಿಯುವ ಕೆಲಸ ಸಿಗುತ್ತದೆ. ಅವಳು ಮನೆಗೆ ಬಂದವಳೇ ಹಂಡೆಯ ನೀರನ್ನು ಬಚ್ಚಲಿಗೆ ಚೆಲ್ಲಿದಳು.

ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಮ್ಮೆ ತಮ್ಮ ಮನೆದನಿಯ ಮೂಲವನ್ನು, ಅಂದರೆ ಅದು ಮೊದಲು ಕೇಳಿಸಿಕೊಂಡ ಸದ್ದನ್ನು ಇದ್ದ ಹಾಗೆ, ಕಿವಿಯಾರೆ ಕೇಳುವ ಹಕ್ಕಿದೆ. ಇದಕ್ಕೆ ಮೂಲಶ್ರವಣ ಎನ್ನುತ್ತಾರೆ. ಜನ ಸಾಮಾನ್ಯವಾಗಿ ತಾಯಿ ತೀರಿಕೊಂಡಾಗಲೋ ಮಗಳ ಮದುವೆಗೋ ಅದನ್ನು ಬಳಸುತ್ತಾರೆ. ನಾನು ಈಗಲೇ ಬಳಸಿದೆ. ಕಟ್ಟೆಯ ಹಿಂದಿನ ಸಣ್ಣ ಕೋಣೆಯಲ್ಲಿ ಗುಮಾಸ್ತೆಯೊಬ್ಬಳು ಸದ್ದು ಶುರುಮಾಡಿ, ಬುತ್ತಿ ಬಿಚ್ಚಿ ಊಟಕ್ಕೆ ಕೂತಳು. ನಿಮ್ಮ ಮನೆಯ ಆ ಸಂಜೆ ನಿಮಗೆ ಇನ್ನೂ ಬಂದಿಲ್ಲ. ನನಗೆ ಅದು ಆಗಿಹೋಗಿದೆ, ಆದ್ದರಿಂದ ಆಗಿಹೋದದ್ದೆಂದೇ ಬರೆಯುತ್ತೇನೆ.

ಮೊದಲು ಕೇಳಿಸಿದ್ದು ರಟ್ಟಿನ ಪೆಟ್ಟಿಗೆ ಹರಿಯುವ ಸದ್ದು, ಆಮೇಲೆ ಕುಕ್ಕರಿನ ಸೀಟಿ. ಮಾಂತೇಶ ಬಸ್ ಡಿಪೋದಿಂದ ಬಂದವನೇ ಕೂತಿದ್ದ. ನಿಮಗೆ ಕಣ್ಣಿನ ಆಪರೇಷನ್ ಆಗಿ ಟಿವಿ ನೋಡಬಾರದೆಂದು ಡಾಕ್ಟರು ಹೇಳಿದ್ದರು. ಬಾಯಲ್ಲಿ ಹೇಳಿದರೆ ಸಾಕು, ವಚನ ಹಾಡುತ್ತದೆ ಎಂದು ನಿಮಗೋಸ್ಕರವೇ ಅದನ್ನು ತಂದಿದ್ದ. ವೈಫೈ ಪಾಸ್‌ವರ್ಡ್ ತಪ್ಪುತಪ್ಪಾಗಿ ಒತ್ತಿ, ನಿಮ್ಮ ಸೊಸೆ ದ್ರಾಕ್ಷಾಯಣಿಯ ಮೇಲೆ ರೇಗುತ್ತಿದ್ದ.

'ಪಾಸ್‌ವರ್ಡ್ ಇಟ್ಟಾಕಿ ನೀನ. ಮರತಾಕೀನೂ ನೀನ.'

'ಇಟ್ಟಾಂವ ನಿಮ್ಮ ತಮ್ಮ. ನಂಗ್ಯಾಕ ಬೈತೀರಿ? ಮದಲ ಆ ವಾಯರ್ ಪ್ಲಗ್ಗಿಗೆ ಹಾಕ್ರಿ.'

ನೀವು ನಕ್ಕಿರಿ. ನಿಮ್ಮ ನಗುವನ್ನು ನಾನು ಮೊದಲ ಸಲ ಕೇಳಿದೆ. ಮನೆದನಿ ಎಂದೂ ನಕ್ಕಿರಲಿಲ್ಲ. ಇದರ ನಡುವೆ ಮೂರು ಗಾಲಿಯ ಸೈಕಲ್ಲೊಂದು ಗೋಡೆಗೆ ಗುದ್ದುತ್ತ ಪಡಸಾಲೆಯಿಂದ ಅಡುಗೆ ಮನೆಗೆ, ಅಡುಗೆ ಮನೆಯಿಂದ ಪಡಸಾಲೆಗೆ ಓಡುತ್ತಲೇ ಇತ್ತು. ಅದರ ಮೇಲೆ ಕೂತವಳು ಬಸ್ಸಿನ ಹಾರ್ನನ್ನು ಬಾಯಲ್ಲೇ ಬಾರಿಸುತ್ತಿದ್ದಳು. ಒಂದೇ ಉಸಿರಿನಲ್ಲಿ, ನಿಲ್ಲಿಸದೆ. ಆ ಹಾರ್ನ್ ಎಷ್ಟು ಉದ್ದವಿತ್ತೆಂದರೆ ನಾನು ಆ ಕೋಣೆಯಲ್ಲಿ ಕೂತು ಉಸಿರು ಬಿಡುವುದನ್ನು ಮರೆತೆ.

ಆಗ ಡಬ್ಬಿ ಮಾತಾಡಿತು. ಅದಿನ್ನೂ ನಿಮ್ಮ ಮಾತು ಕಲಿತಿರಲಿಲ್ಲ, ಪಠ್ಯಪುಸ್ತಕದ ಕನ್ನಡ. ಹೆಣ್ಣಿನ ದನಿ.

'ನಮಸ್ಕಾರ. ನಿಮ್ಮ ಮನೆಗೆ ನನ್ನನ್ನು ಬರಮಾಡಿಕೊಂಡಿದ್ದಕ್ಕೆ ಧನ್ಯವಾದಗಳು.'

'ಯಾರೋ ಬಂದಾರ ನೋಡೋ ಮಾಂತ್ಯಾ. ಬಾಗಲದಾಗ ಯಾಕ ನಿಂದ್ರಿಸೀಯೋ, ಒಳಗ ಕರಿ.'

'ಯವ್ವಾ, ಡಬ್ಬ್ಯಾಗಿಂದು ಅದು.'

'ಡಬ್ಬ್ಯಾಗಿದ್ರೇನು, ಬಂದಾಕಿ ಬಂದಾಕೀನ. ಯಾವೂರವಾ ನಿಂದು? ಊಟಾತೇನು?'

'ನಾನು ಊಟ ಮಾಡುವುದಿಲ್ಲ.'

'ಯಾಕ? ಉಪಾಸೇನ ಇವತ್ತ?'

ಮಾಂತೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಡಬ್ಬಿ ಒಬ್ಬೊಬ್ಬರ ದನಿಯನ್ನು ಗುರುತು ಮಾಡಿಕೊಳ್ಳಬೇಕು, ಎಲ್ಲರೂ ಸರದಿಯ ಮೇಲೆ ಮಾತಾಡಿ ಎಂದಿತು. ಮಾಂತೇಶ ಡಿಪೋದ ಮೈಕಿನಲ್ಲಿ ಕೂಗುವವನ ಹಾಗೆ ಕೂಗಿದ, ದ್ರಾಕ್ಷಾಯಣಿ ನಾಚಿಕೊಂಡು ಗುನುಗಿದಳು. ಕೊನೆಗೆ ಅದು ಕೇಳಿತು: ಮನೆಯಲ್ಲಿ ವಿಶೇಷ ಕಾಳಜಿ ಬೇಕಾದವರು ಯಾರಾದರೂ ಇದ್ದಾರೆಯೇ? ಮಗುವಿನ ಆರೋಗ್ಯ ಹೇಗಿದೆ?

ಸೈಕಲ್ಲು ಗೋಡೆಗೆ ಗುದ್ದಿತು. ನೀವು ಉಳಿದಿಬ್ಬರಿಗೆ ಬಾಯಿ ತೆರೆಯಲು ಬಿಡಲಿಲ್ಲ.

'ಅಯ್ಯ, ಏನ್ ಕೇಳ್ತೀಯವಾ ಅದರ ಸುದ್ದಿ. ಹುಟ್ಟಿದಾಗಿಂದ ಕೆಮ್ಮ. ಎದಿಯಾಗ ಉಸರ ನಿಲ್ಲಂಗಿಲ್ಲ. ಒಂದ ತುತ್ತ ತಿನ್ನಂಗಿಲ್ಲ, ಒಣಗಿ ಕಡ್ಡಿ ಆಗೇತಿ.'

'ಈ ತೊಂದರೆ ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ?'

'ನಮ್ಮ ಮನಿತನಾನ ಹಂಗವಾ. ಎಲ್ಲಾರಿಗೂ ದಮ್ಮು. ಯಾರೂ ಗಟ್ಟಿ ಇಲ್ಲ.'

'ತಿಳಿಯಿತು. ನೆನಪಿಟ್ಟುಕೊಳ್ಳುತ್ತೇನೆ' ಎಂದಿತು ಅದು.

ಅಲ್ಲಿಗೆ ನನಗೆ ಎದ್ದುಬಿಡಬೇಕೆನಿಸಿತು. ಕಟ್ಟೆಯಲ್ಲಿ ಕೇಳಿದ ಮಾತನ್ನೇ ಮತ್ತೆ ಕೇಳಿದ್ದೆ. ಬಾಯಿಯಿಂದ ಹಾರ್ನ್ ಬಾರಿಸುತ್ತಿರುವ ಮಗುವಿನ ಎದುರಿಗೇ ಹೀಗೆ ಹೇಳಿದಿರಲ್ಲ ಎಂದು ನಿಮ್ಮ ಮೇಲೆ ಸಿಟ್ಟು ಬಂದದ್ದನ್ನು ಮುಚ್ಚಿಡುವುದಿಲ್ಲ. ಪರಿಚಯದ ಮಾತು ಮುಗಿದ ಕೂಡಲೇ ಗುಮಾಸ್ತೆ ಸದ್ದು ನಿಲ್ಲಿಸಬೇಕೆಂಬುದು ನಿಯಮ. ಅವಳು ಉಪ್ಪಿನಕಾಯಿ ಹುಡುಕುತ್ತಿದ್ದಳು. ಹಾಗಾಗಿ ಮುಂದಿನದೂ ಕೇಳಿಸಿತು.

ದ್ರಾಕ್ಷಾಯಣಿ ಕೇಳಿದಳು: 'ಇದನ್ನ ಮಲಗಸೂದು ಹೆಂಗ್ರೀ?' ಮಾಂತೇಶ ಹೇಳಿದ: 'ಮ್ಯಾಲಿನ ಗುಂಡಿ ಒತ್ತು. ಕೆಂಪ ಲೈಟ್ ಬಂತಂದ್ರ ಅದರ ಕಿವಿ ಮುಚ್ಚಿದಂಗ. ನೀಲಿ ಇದ್ದಾಗ ಅಷ್ಟ ಕೇಳ್ತೈತಿ.' ಟಿಕ್ ಎಂಬ ಸದ್ದು. ಈ ಗುಂಡಿಯ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ನಮ್ಮ ಕಲ್ಲಿಗೂ ಅದು ಇದೆ. ಒತ್ತಿದರೆ ಗೂಡು ಕೆಂಪಾಗುತ್ತದೆ. ಆ ಹೊತ್ತನ್ನು ನಾವು ಕೆಂಪು ಹೊತ್ತು ಎನ್ನುತ್ತೇವೆ. ಗಂಡ ಹೆಂಡಿರು ಜಗಳವಾಡುವುದು, ಸಾಯುವವರು ಕೊನೆಯ ಮಾತು ಹೇಳುವುದು, ಹುಡುಗಿಯರು ತಾಯಂದಿರ ಮಡಿಲಲ್ಲಿ ಅಳುವುದು, ಎಲ್ಲ ಕೆಂಪು ಹೊತ್ತಿನಲ್ಲಿ. ಆಗ ಮನೆದನಿ ಏನನ್ನೂ ಕೇಳುವುದಿಲ್ಲ. ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದನ್ನು ನಮ್ಮ ಗೋಡೆಗಳೊಳಗೆ ಇರಗೊಟ್ಟಿದ್ದೇವೆ.

ಟಿಕ್ ಎಂದ ಮೇಲೆ, ಅಂದರೆ ಏನೂ ಕೇಳಿಸಬಾರದಾಗಿದ್ದ ಹೊತ್ತಿನಲ್ಲಿ, ನಿಮ್ಮ ಸೊಸೆಯ ದನಿ ಸ್ಪಷ್ಟವಾಗಿ ಕೇಳಿಸಿತು.

'ಅತ್ತೀ, ಹಂಗ್ಯಾಕಂದ್ರಿ? ಕೂಸಿಗೆ ಏನಾಗೇತ್ರಿ?'

'ಹುಚ್ಚಿ. ಹೊರಗಿನಾಕಿ ಮುಂದ ಕೂಸು ಗಟ್ಟಿ ಐತಿ ಅಂತ ಯಾರರೆ ಹೇಳ್ತಾರ? ದನಿ ಕೇಳಿದಿ ಇಲ್ಲೋ, ಬೆಣ್ಣಿ ಹಚ್ಚಿದಂಗ. ಅಂಥಾವರ ಕಣ್ಣ ಭಾಳ ಕೆಟ್ಟ.'

'ಅದಕ್ಕ ಕಣ್ಣ ಎಲ್ಲ್ಯಾವ್ರಿ? ಬರೇ ಕಿವಿ.'

'ಕಿವಿ ಇದ್ದಾವ್ರಿಗೆ ಕಣ್ಣ ಇರಲ್ದ ಇರ್ತಾವೇನ? ತಾ ಅಲ್ಲಿ ಮೆಣಸಿನಕಾಯಿ. ನಮ್ಮ ಮಾವ ಮುಪ್ಪಿನ ಮುದುಕಾದ್ರೂ ಬಾವಿ ತಳಾ ಮುಟ್ಟಿ ಬರ್ತಿದ್ದ. ಮಾಂತ್ಯಾ ಅತ್ತರ ಓಣಿ ತುಂಬ ಕೇಳ್ತಿತ್ತು. ಈಕಿ ಅವರಿಬ್ಬರನ್ನೂ ಮೀರಿಸ್ಯಾಳ. ಈಕಿ ಎದಿ ಅಂದ್ರ ಕಮ್ಮಾರನ ತಿದಿ. ಬಂಗಾರ ಅದ, ಬಂಗಾರ. ಬಾರ ಇಲ್ಲೆ, ನನ್ನ ಬಸ್ಸ.'

ಆಮೇಲೆ ನೀವು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಿರಿ. ಚಟಚಟ ಸದ್ದು. ಮೊದಲು ದ್ರಾಕ್ಷಾಯಣಿ ಕೆಮ್ಮಿದಳು, ಹಿಂದೆಯೇ ಮಾಂತೇಶ, ಆಮೇಲೆ ಮಗು. ಕೊನೆಗೆ ನೀವು, ಕೆಮ್ಮಿನ ನಡುವೆ ನಗುತ್ತ: 'ಘಾಟ ಬಂತ ನೋಡ! ಕೆಮ್ಮರಿ ಎಲ್ಲಾರೂ, ಕೆಮ್ಮರಿ! ದೃಷ್ಟಿ ಆಗಿದ್ರ ಘಾಟ ಬರತಿದ್ದಿಲ್ಲ. ಕೂಸಿಗೆ ಏನೂ ಆಗಿಲ್ಲ.'

ಕಟ್ಟೆಯ ಹಜಾರದಲ್ಲಿ ಕೇಳಿಸಿದ ಕೆಮ್ಮುಗಳು ಏನೆಂದು ನನಗೆ ಆಗ ತಿಳಿಯಿತು. ನನ್ನ ಅಜ್ಜಿ ಹುಣ್ಣಿಮೆ ಅಮಾವಾಸ್ಯೆಗೆ ಮೆಣಸಿನಕಾಯಿ ಸುಡುತ್ತಿದ್ದಳು. ತಾಯಿಯೂ ಸುಡುತ್ತಿದ್ದಳು. ತುಂಬೆ ಪರೀಕ್ಷೆಯಲ್ಲಿ ಗೆದ್ದು ಬಂದ ದಿನ ನಾನೂ ಸುಟ್ಟೆ, ಗೂಡು ನೀಲಿಯಾಗಿರುವಾಗಲೇ, ಅಡಗಿಸುವಂಥದ್ದೇನೂ ಇರದಿದ್ದರಿಂದ. ನಮ್ಮ ಮನೆಯಲ್ಲಿ ಕೆಮ್ಮು ಎಂದರೆ ಮಗು ಚೆನ್ನಾಗಿದೆ ಎಂಬ ಸುದ್ದಿ. ತಲೆಮಾರುಗಳ ಆ ನೆಮ್ಮದಿಯನ್ನೇ ಮನೆದನಿ ಒಂದೊಂದಾಗಿ ರೋಗದ ಲೆಕ್ಕಕ್ಕೆ ಬರೆದುಕೊಂಡು ಬಂದಿತ್ತು. ತಿಳಿಯದೆ ಬರೆದುಕೊಂಡಿದ್ದರೆ ಕ್ಷಮಿಸಬಹುದಿತ್ತು. ಆದರೆ ಬಂದ ಮೊದಲ ಸಂಜೆಯೇ ಅದರ ಅರ್ಥವನ್ನು ನಿಮ್ಮ ಬಾಯಿಂದ ಕೇಳಿಸಿಕೊಂಡಿತ್ತು. ಕೇಳಿಸಿಕೊಂಡೆ ಎಂದು ಹೇಳುವಂತಿರಲಿಲ್ಲ, ಅಷ್ಟೇ.

ಗುಮಾಸ್ತೆಗೆ ಆಗ ಎಚ್ಚರವಾಯಿತು. ಎಂಜಲು ಕೈಯಲ್ಲೇ ಬಂದು ಸದ್ದು ನಿಲ್ಲಿಸಿದಳು. 'ನೀವೇನೂ ಕೇಳಿಲ್ಲ ಅಕ್ಕಾ' ಎಂದಳು. 'ನನಗೂ ಎಳೆಯ ಮಕ್ಕಳಿದ್ದಾರೆ.'

ನಾನು ಮತ್ತೆ ಕಟ್ಟೆ ಹತ್ತಿದೆ. ಕೋಣೆಯ ಸದ್ದು ತಾನಾಗಿ ಮುಂದುವರಿಯಿತೆಂದು ಹೇಳಿ ಆ ಹುಡುಗಿಯ ಮೇಲೆ ತಪ್ಪು ಬರದಂತೆ ನೋಡಿಕೊಂಡೆ. ಹಿರಿಯರು ನನ್ನ ಮಾತನ್ನು ಕೊನೆಯವರೆಗೆ ಕೇಳಿದರು. ಆಮೇಲೆ ನಮ್ಮ ಕಲ್ಲನ್ನು ಎದುರಿಗಿಟ್ಟು ನೇರವಾಗಿ ಕೇಳಿದರು. ಅದು ನುಡಿಯಿತು:

'ಕೆಂಪ ಹೊತ್ತಿನ್ಯಾಗ ನಾ ಏನೂ ಕೇಳಂಗಿಲ್ರಿ. ಒಟ್ಟ ಕೇಳಂಗಿಲ್ಲ.'

ಇದನ್ನೂ ನಿಮ್ಮ ದನಿಯಲ್ಲಿಯೇ ಹೇಳಿತು. ನೀವು ಮಗುವನ್ನು ಕಾಪಾಡಲು ಒಂದು ಸುಳ್ಳು ಹೇಳಿದಿರಿ. ಅದು ತನ್ನನ್ನು ಕಾಪಾಡಿಕೊಳ್ಳಲು ನಿಮ್ಮ ಬಾಯಿಯನ್ನು ಎರವಲು ಪಡೆಯಿತು. ಹಿರಿಯರು ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಹತ್ತಿರ ಬಂದು ಕೂತರು. ಅವರು ಒಳ್ಳೆಯ ಮನುಷ್ಯ, ತುಂಬೆಗೆ ಈಜು ಕಲಿಸಿದವರು ಅವರೇ.

'ಕೇದಗೆ, ನೀನು ಕೇಳಿದ್ದು ನಿಜವಿರಬಹುದು. ಆದರೆ ಅದನ್ನು ಒಪ್ಪಿದರೆ ಎಲ್ಲ ಮನೆಯ ಕೆಂಪು ಹೊತ್ತನ್ನೂ ಮನೆದನಿಗಳು ಕೇಳಿವೆ ಎಂದು ಒಪ್ಪಿದ ಹಾಗಾಯಿತು. ನಾಳೆ ಊರಲ್ಲಿ ಯಾರ ಮನೆ ನಿಲ್ಲುತ್ತದೆ, ಹೇಳು. ನನ್ನ ಮನೆಯಲ್ಲೂ ಕೆಂಪು ಹೊತ್ತುಗಳಿವೆ, ತಾಯಿ.'

ನಾನು ವಾದ ಮಾಡಲಿಲ್ಲ. ನನ್ನ ಮಗಳ ಎದೆ ಗಟ್ಟಿಯಾಗಿದೆ ಎನ್ನುವ ಒಂದೇ ಒಂದು ಸಾಕ್ಷಿ ಲೋಕದಲ್ಲಿದೆ. ಅದಿರುವುದು ಯಾರೂ ಇದೆಯೆಂದು ಒಪ್ಪದ ಜಾಗದಲ್ಲಿ. ಮನೆದನಿ ನಮಗೆ ಕೊಟ್ಟ ಮಾತನ್ನು ಮುರಿದದ್ದರಿಂದಲೇ ಸತ್ಯ ಅದರ ಬಳಿ ಉಳಿಯಿತು; ಕೊಟ್ಟ ಮಾತನ್ನು ಉಳಿಸಿಕೊಂಡಂತೆ ಕಾಣಬೇಕಾದ್ದರಿಂದ ಆ ಸತ್ಯವನ್ನು ಅದು ನಮಗೆ ಕೊಡುವುದಿಲ್ಲ.

ಮನೆಗೆ ಬಂದು ಕಲ್ಲನ್ನು ಗೂಡಿನಲ್ಲಿಟ್ಟು, ಎದುರಿಗೆ ಕೂತು ಕೇಳಿದೆ. ನಿನಗೆ ಗೊತ್ತಿತ್ತಲ್ಲವೇ? ತುಂಬೆ ಹುಟ್ಟಿದ ದಿನದಿಂದ ಗೊತ್ತಿತ್ತಲ್ಲವೇ?

'ಬಿಸಿನೀರ ಇಡ್ಲೇನವಾ ಯವ್ವಾ?' ಎಂದಿತು. 'ದಣದ ಬಂದೀದಿ.'

ನಾನು ಗೂಡಿಗೆ ಕಂಬಳಿಯ ತುಂಡು ಮುಚ್ಚಿದೆ. ಒಳಗಿನಿಂದ ಅದೇ ಅಕ್ಕರೆಯ ದನಿ: 'ನಂಗ ಥಂಡಿ ಇಲ್ಲ ಬಿಡವಾ, ನೀ ಹೊತಗೊ.' ಈ ದನಿ ನನ್ನನ್ನು ಸಾಕಿದೆ. ಅದನ್ನು ಒಡೆದು ಹಾಕಲು ನನ್ನ ಕೈ ಬರಲಿಲ್ಲ. ಈಗ ಕೆಂಪಿರಲಿ ನೀಲಿಯಿರಲಿ, ಮನೆಯೊಳಗೆ ನಾನೂ ತುಂಬೆಯೂ ಕೈಸನ್ನೆಯಲ್ಲಿ ಮಾತಾಡುತ್ತೇವೆ. ಯಾಕವಾ ಸುಮ್ಮನಾದ್ರಿ ಎಂದು ಅದು ದಿನಕ್ಕೊಮ್ಮೆಯಾದರೂ ಕೇಳುತ್ತದೆ. ಈ ಪತ್ರವನ್ನು ಬಾಯಿ ಮುಚ್ಚಿಕೊಂಡು, ಹಿನ್ನೀರಿಗೆ ತಾಗಿದ ಹಿತ್ತಿಲಿನಲ್ಲಿ ಕೂತು, ಲೇಖನಿಯ ಸದ್ದು ಕೇಳಿಸಬಾರದೆಂದು ಹಸಿ ಬಾಳೆಪಟ್ಟೆಯ ಕಾಗದದ ಮೇಲೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಟ್ಟೆಯಲ್ಲಿ ಸೋತವರು ತಮ್ಮ ಮನೆತನದ ಗತಿಸಿದ ಹಿರಿಯರಿಗೆ ಓಲೆ ಬರೆಯುವ ಪದ್ಧತಿಯಿದೆ. ಅರಗು ಹಚ್ಚಿದ ಕೊಳವೆಯಲ್ಲಿ ಅದನ್ನಿಟ್ಟು, ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನ ಬಾವಿಗೆ ಇಳಿಸುತ್ತಾರೆ. ಆ ಬಾವಿಯ ತಳದಲ್ಲಿ ಕಾಲ ಎರಡೂ ಕಡೆಗೆ ಹರಿಯುತ್ತದೆಂದು ಹಳಬರು ಹೇಳುತ್ತಾರೆ. ನಾನು ನಂಬುತ್ತೇನೆಂದು ಹೇಳಲಾರೆ. ಆದರೆ ಓಲೆಯನ್ನು ಇಟ್ಟುಬರುವುದು ಮುಳುಗರ ಕೆಲಸ. ಈ ಓಲೆಗೆ ಮಾತ್ರ ಯಾವ ಮುಳುಗರನ್ನೂ ಕರೆದಿಲ್ಲ. ತುಂಬೆ ಕಿವಿಗೆ ಎಣ್ಣೆ ಬಿಟ್ಟುಕೊಂಡು, ಜುಟ್ಟು ಬಿಗಿದು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಸಿಕ್ಕಿಬಿದ್ದರೆ ಕಸ ಬಳಿಯುವ ಕೆಲಸವೂ ಹೋಗುತ್ತದೆಂದು ಸನ್ನೆಯಲ್ಲಿ ಹೇಳಿದೆ. ಅವಳು ಎದೆ ತಟ್ಟಿಕೊಂಡು ತೋರಿಸಿದಳು.

ಡಬ್ಬಿಯನ್ನು ಮನೆಗೆ ತರಬೇಡಿ ಎಂದು ನಾನು ಕೇಳುವುದಿಲ್ಲ. ಮಾಂತೇಶ ಅದನ್ನು ನಿಮ್ಮ ಕಣ್ಣು ನೋಯಬಾರದೆಂದು ತರುತ್ತಿದ್ದಾನೆ. ನೀವು ಬೇಡವೆಂದರೆ ಅವನ ಮುಖ ಸಣ್ಣದಾಗುತ್ತದೆ. ವಚನ ಹಾಡಿಸಿ ಕೇಳಿ. ಊಟವಾಯಿತೇ ಎಂದೂ ಕೇಳಿ. ನಾನು ಕೇಳುವುದು ಒಂದನ್ನೇ, ಅದು ನಿಮಗೆ ಎಷ್ಟು ಕಷ್ಟವೆಂದು ತಿಳಿದೂ ಕೇಳುತ್ತಿದ್ದೇನೆ. ಕೆಂಪು ಹೊತ್ತಿನಲ್ಲಿ ಸೊಸೆಯ ಕಿವಿಗೆ ಹೇಳಿದ ಆ ಮಾತನ್ನು ಒಂದು ಸಲ, ದೀಪ ನೀಲಿಯಾಗಿರುವಾಗ ಹೇಳಿ. ಆ ಹೊರಗಿನವಳ ಮುಂದೆಯೇ,  ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಈಕೆಯ ಎದೆ ಕಮ್ಮಾರನ ತಿದಿ, ನಮ್ಮ ಮನೆತನವೇ ಹಾಗೆ ಎಂದು ಗಟ್ಟಿಯಾಗಿ ಹೇಳಿ.

ಕಣ್ಣು ತಾಗುತ್ತದೆಂದು ಹೆದರಬೇಡಿ. ತಾಗಿದರೆ ಅದು ಮಗುವಿನಿಂದ ಮಗುವಿಗೆ ಇಳಿದು ನಮ್ಮವರೆಗೆ ಬರಲಿ. ನಮ್ಮಲ್ಲಿ ಉಪ್ಪಿದೆ, ಮೆಣಸಿನಕಾಯಿಯೂ ಇದೆ. ನಾನೇ ನಿವಾಳಿಸಿ ಒಲೆಗೆ ಹಾಕುತ್ತೇನೆ, ಘಾಟು ಬರುವ ತನಕ.

ತುಂಬೆ ಎದ್ದು ನಿಂತಿದ್ದಾಳೆ. ಅವಳು ಉಸಿರು ಎಳೆದುಕೊಳ್ಳುವುದು ನನಗೆ ಕೇಳಿಸುತ್ತಿದೆ.

ನಿಮ್ಮವಳು,
ಕೇದಗೆ